ರಾತ್ರಿ ಬಂದ ನಿಕೊದೇಮ

“ಗುರುಗಳೇ, ನನ್ನ ವಿಶ್ವಾಸ ಅರೆಬರೆ. ಪೂಜೆಗೆ ಬರಲೂ ಸಂಕೋಚ” ಎನ್ನುವವರು ನಿಮ್ಮಲ್ಲಿದ್ದೀರಿ. ಸಂತ ಯೊವಾನ್ನರ ಶುಭಸಂದೇಶದ ನಿಕೊದೇಮನನ್ನು ಸ್ವಲ್ಪ ನೋಡಿರಿ.

3ನೇ ಅಧ್ಯಾಯದಲ್ಲಿ ಅವನು ಬರುವುದು ರಾತ್ರಿ. ಯೇಸುವನ್ನು ದೇವರ ಕಡೆಯಿಂದ ಬಂದ ಬೋಧಕರೆಂದಷ್ಟೇ ಒಪ್ಪುತ್ತಾನೆ. ಹೊಸ ಹುಟ್ಟಿನ ಮಾತು ಅವನಿಗೆ ತಿಳಿಯಲೇ ಇಲ್ಲ. ಪ್ರಭು ಗದರಿದರೂ ಹೊರಗಟ್ಟಲಿಲ್ಲ; ಹಗಲಿನಲ್ಲಿ ಬಾ ಎನ್ನಲಿಲ್ಲ. 7ನೆಯದರಲ್ಲಿ, ವಿಚಾರಿಸದೆ ತೀರ್ಪು ಕೊಡುವುದು ಸರಿಯೇ ಎಂದು ತನ್ನವರನ್ನೇ ಕೇಳಿ ಮೂದಲಿಕೆಗೆ ಗುರಿಯಾಗುತ್ತಾನೆ. (ಅದು ವಿಶ್ವಾಸದ ಮಾತಲ್ಲ, ಬರೀ ನ್ಯಾಯದ ಮಾತು. ಅಷ್ಟನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಆಡುತ್ತೇವೆ?)

19ನೆಯದಕ್ಕೆ ಬರುವಷ್ಟರಲ್ಲಿ ಪೇತ್ರನೇ ಪ್ರಭುವನ್ನು ಅಲ್ಲಗಳೆದಾಗಿತ್ತು. ಆಗ ನಿಕೊದೇಮ ರಕ್ತಬೋಳ, ಅಗರು ಬೆರೆಸಿದ ಸುಗಂಧದ್ರವ್ಯ ತರುತ್ತಾನೆ, ಸುಮಾರು 30 ಕಿಲೊ! ಅಷ್ಟು ಭಾರವನ್ನು ಹೊದಿಕೆಯ ಕೆಳಗೆ ಬಚ್ಚಿಡಲಾಗದು. ಅಂದೂ ಅವನ ವಿಶ್ವಾಸ ಪೂರ್ಣವಾಗಿರಲಿಲ್ಲ ಎಂದೇ ನನ್ನೆಣಿಕೆ. ಮೂರನೆಯ ದಿನ ಎದ್ದು ಬರುವವರ ದೇಹಕ್ಕೆ ಯಾರು ಇಷ್ಟೊಂದು ಸುಗಂಧ ತರುತ್ತಾರೆ? ಆದರೂ ಧರ್ಮಸಭೆ ಅವನನ್ನು ಸಂತನೆಂದು ಗೌರವಿಸುತ್ತದೆ.

ಈ ಭಾನುವಾರ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತರೂ ಸರಿ, ಬನ್ನಿ.