ಅಳತೆಯೂ ನ್ಯಾಯವೂ

ವಸ್ತುವು ಇದ್ದಂತೆಯೇ ಇದ್ದು, ಅದನ್ನು ಅಳೆಯುವ ಮಾನವು ಮಾತ್ರ ಬದಲಾದರೆ, ಆ ವಸ್ತುವಿನ ಮೇಲಣ ಕರವು ಹೆಚ್ಚುವುದು ನ್ಯಾಯವೇ? ಇದು ತಾರ್ಕಿಕರ ವಿನೋದವಲ್ಲ. ಜರ್ಮನಿಯಲ್ಲಿ ಮೋಟಾರು ಗಾಡಿಯುಳ್ಳ ಗೃಹಸ್ಥರು ನಿಜವಾಗಿ ಎದುರಿಸಿದ ಪ್ರಶ್ನೆ.

ಆ ದೇಶದಲ್ಲಿ 2009ನೆಯ ಇಸವಿಯ ಜುಲೈ ತಿಂಗಳಿಂದ ಹೊಸ ಗಾಡಿಯ ವಾರ್ಷಿಕ ತೆರಿಗೆಗೆ ಎರಡು ಅಂಗಗಳು: ಒಂದು ಯಂತ್ರದ ಗಾತ್ರಕ್ಕೆ, ಮತ್ತೊಂದು ಅದು ಉಗುಳುವ ಇಂಗಾಲಾಮ್ಲ ವಾಯುವಿಗೆ. 2014ರಿಂದ ಕಿಲೋಮೀಟರಿಗೆ 95 ಗ್ರಾಂವರೆಗೆ ವಿನಾಯಿತಿ; ಮೀರಿದ ಪ್ರತಿ ಗ್ರಾಮಿಗೂ 2 ಯೂರೊ ಎಂದಾಯಿತು. ಹಳೆಯ ಪರೀಕ್ಷೆಯಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ಸುಮಾರು 20 ನಿಮಿಷ, 11 ಕಿಲೋಮೀಟರಿನಷ್ಟು ಮೆಲ್ಲಗೆ ಓಡಿಸುತ್ತಿದ್ದರು. ಹೊಸದರಲ್ಲಿ 30 ನಿಮಿಷ, 23 ಕಿಲೋಮೀಟರು, ಹೆಚ್ಚಿನ ವೇಗ. 2018ರ ಸೆಪ್ಟೆಂಬರ್ 1ರಿಂದ ಮೊದಲ ಬಾರಿಗೆ ನೋಂದಣಿಯಾದ ಗಾಡಿಗೆ ಹೊಸ ಅಂಕವೇ ಆಧಾರವಾಯಿತು. ಹಿಂದಿನವಕ್ಕೆ ಹಳೆಯ ಅಂಕವೇ ಉಳಿಯಿತು.

ಇದರ ಫಲವನ್ನು ದೃಷ್ಟಾಂತದಿಂದ ನೋಡೋಣ. 1400 ಘನ ಸೆಂಟಿಮೀಟರಿನ ಪೆಟ್ರೋಲು ಗಾಡಿಯ ಹಳೆಯ ಅಂಕ 120 ಗ್ರಾಂ ಎಂದಿಟ್ಟುಕೊಳ್ಳೋಣ. ಯಂತ್ರಕ್ಕೆ 28, ಹೊಗೆಗೆ 50, ಒಟ್ಟು 78 ಯೂರೊ. ಹೊಸ ಅಂಕ 145 ಆದರೆ ಹೊಗೆಗೆ 100, ಒಟ್ಟು 128. ಅಂಕವು ಏರಿದ್ದು ಸುಮಾರು ಐದರಲ್ಲೊಂದು ಪಾಲು. ಹೊಗೆಯ ತೆರಿಗೆಯಾದರೋ ಇಮ್ಮಡಿ! ವಿನಾಯಿತಿಯ ಗೆರೆಯು ಕದಲದಿದ್ದುದೇ ಇದಕ್ಕೆ ಕಾರಣ. ಒಂದೇ ಬಗೆಯ ಎರಡು ಗಾಡಿಗಳು, ಒಂದು ದಿನದ ಅಂತರದಿಂದ, ವರ್ಷವರ್ಷವೂ ಬೇರೆ ಬೇರೆ ತೆರಿಗೆಗೆ ಗುರಿಯಾದುವು.

ಇಲ್ಲಿ ಪೂರ್ವಪಕ್ಷವು ಹೀಗೆ: ಸವೆದ ಸೇರನ್ನು ಸರಿಪಡಿಸಿದವನನ್ನು ದೂರುವುದೆಂತು? ಪ್ರಮೇಯವು ಪ್ರಮಾಣಕ್ಕೆ ಅಧೀನ. ಪ್ರಮಾಣವು ದುಷ್ಟವಾಗಿದ್ದಾಗ ಕೊಟ್ಟ ಕಡಮೆ ಹಣವು ಹಕ್ಕಲ್ಲ, ಅದೃಷ್ಟ. ಈ ಮಾತಿನಲ್ಲಿ ಸತ್ಯವಿದೆ. ಗಾಡಿಯು ಬೀದಿಯಲ್ಲಿ ಉಗುಳುವುದಕ್ಕೆ ಹೊಸ ಅಂಕವೇ ಹೆಚ್ಚು ಸಮೀಪ. ಸುಳ್ಳು ಅಳತೆಯನ್ನು ದಾಕ್ಷಿಣ್ಯಕ್ಕಾಗಿ ಉಳಿಸಿಕೊಳ್ಳುವುದು ಧರ್ಮವಲ್ಲ.

ಆದರೆ ಸಿದ್ಧಾಂತವು ಅಷ್ಟಕ್ಕೇ ನಿಲ್ಲದು. ಅಳತೆಯನ್ನು ತಿದ್ದುವುದು ಒಂದು ಕರ್ಮ, ಕರವನ್ನು ಏರಿಸುವುದು ಇನ್ನೊಂದು. 95 ಎಂಬ ಗೆರೆಯನ್ನು ಎಳೆದದ್ದು ಹಳೆಯ ಸೇರನ್ನು ಕೈಯಲ್ಲಿ ಹಿಡಿದು. ಸೇರು ಬದಲಾದಾಗ ಗೆರೆಯನ್ನೂ ಅದಕ್ಕೆ ತಕ್ಕಂತೆ ಸರಿಸಬೇಕು. ಇಲ್ಲವೇ, ತೆರಿಗೆಯನ್ನು ಏರಿಸುತ್ತಿದ್ದೇವೆಂದು ಪ್ರಜೆಗಳಿಗೆ ಬಾಯಿಬಿಟ್ಟು ಹೇಳಬೇಕು. ಅದೇ ದೇಶವು 2021ರಿಂದ ಹೊಸ ಗಾಡಿಗಳಿಗೆ, ಹೊಗೆ ಏರಿದಂತೆ ದರವೂ ಏರುವ ಮೆಟ್ಟಿಲುಗಳನ್ನು ಕಾನೂನಿನಲ್ಲಿಯೇ ಕಟ್ಟಿತು. ಆ ಭಾರವನ್ನು ಒಪ್ಪದವನೂ ಅದರ ಋಜುತ್ವವನ್ನು ಒಪ್ಪಬೇಕು.

ಅರಸನು ತೆಗೆದುಕೊಳ್ಳುವ ಹಣಕ್ಕಿಂತ, ಅದನ್ನು ಏಕೆ ತೆಗೆದುಕೊಂಡನೆಂಬುದು ಪ್ರಜೆಗೆ ತಿಳಿಯುವುದು ಮುಖ್ಯ. ತಕ್ಕಡಿಯು ಸತ್ಯವನ್ನು ಹೇಳಿದರೆ ಸಾಲದು, ಅದನ್ನು ಹಿಡಿದವನೂ ಹೇಳಬೇಕು.