ಧೂಮಕೇತುವಿನ ಅಂತ್ಯ ಮತ್ತು ನೋಡುವವನ ಹಕ್ಕು

ಒಂದು ವಸ್ತುವನ್ನು ಎಲ್ಲರಿಗಿಂತ ಮೊದಲು ಕಂಡವನಿಗೆ ಅದರ ಮೇಲೆ ಯಾವ ಬಗೆಯ ಹಕ್ಕಿದೆ ಎಂಬುದು ಹಳೆಯ ಪ್ರಶ್ನೆ. ನೆಲದಲ್ಲಿ ಹೂತ ನಿಧಿ, ದಾರಿಯಲ್ಲಿ ಬಿದ್ದ ಒಡವೆ, ಯಾರೂ ಉಳದ ಬಯಲು ಇವುಗಳ ವಿಷಯದಲ್ಲಿ ಧರ್ಮಶಾಸ್ತ್ರಗಳೂ ರಾಜಶಾಸನಗಳೂ ತಮ್ಮ ತಮ್ಮ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳಲ್ಲಿ ಎಷ್ಟೇ ಭೇದವಿದ್ದರೂ ಒಂದು ನಂಬಿಕೆ ಎಲ್ಲದರ ಹಿಂದೆಯೂ ಇದೆ: ಕಂಡ ವಸ್ತು ಕಂಡ ಮೇಲೂ ಉಳಿದಿರುತ್ತದೆ. ಉಳಿದಿರುವುದರಿಂದಲೇ ಅದು ಯಾರದೆಂಬ ವ್ಯಾಜ್ಯ ಹುಟ್ಟುತ್ತದೆ. ಕಂಡ ಕೆಲವೇ ಗಂಟೆಗಳಲ್ಲಿ ನಿಶ್ಶೇಷವಾಗಿ ಇಲ್ಲವಾಗುವ ವಸ್ತುವನ್ನು ಕುರಿತು ಇದೇ ಪ್ರಶ್ನೆಯನ್ನು ಕೇಳಿದರೆ ಏನಾದೀತು? ಇದು ಬರಿಯ ತರ್ಕದ ಕಸರತ್ತಲ್ಲ. ಕಾಲು ಶತಮಾನದಿಂದ ಹಲವು ದೇಶಗಳ ಹವ್ಯಾಸಿ ಆಕಾಶವೀಕ್ಷಕರು ಇಂತಹ ವಸ್ತುಗಳನ್ನೇ ಅರಸುತ್ತ ಬಂದಿದ್ದಾರೆ. ಸೂರ್ಯನತ್ತ ಧಾವಿಸಿ ಅವನ ತಾಪದಲ್ಲಿಯೇ ಲಯವಾಗುವ ಧೂಮಕೇತುಗಳು ಅವು.

ಸೂರ್ಯನ ಮಗ್ಗುಲಲ್ಲಿರುವುದನ್ನು ನೆಲದ ಮೇಲಿನಿಂದ ನೋಡುವುದು ಬಹುಮಟ್ಟಿಗೆ ಅಸಾಧ್ಯ. ಕಣ್ಣಿಗೆ ಅಪಾಯಕರವೂ ಹೌದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಮತ್ತು ಅಮೆರಿಕದ ನಾಸಾ ಕೂಡಿ ೧೯೯೫ರ ಡಿಸೆಂಬರ್ ೨ರಂದು ಹಾರಿಸಿದ ‘ಸೋಹೊ’ ನೌಕೆ ಈ ತೊಡಕನ್ನು ನಿವಾರಿಸಿತು. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ, ೨೦೨೪ರ ಜನವರಿಯಲ್ಲಿ ಭಾರತದ ‘ಆದಿತ್ಯ-ಎಲ್೧’ ತಲುಪಿದ ಪ್ರದೇಶದಲ್ಲಿಯೇ, ಅದಕ್ಕೆ ನೆಲೆ ದೊರೆಯಿತು. ಅದರಲ್ಲಿರುವ ‘ಲಾಸ್ಕೊ’ ಎಂಬ ಉಪಕರಣ ಸೂರ್ಯಬಿಂಬವನ್ನು ಒಂದು ತಟ್ಟೆಯಿಂದ ಮರೆಮಾಡಿ, ಸದಾಕಾಲದ ಕೃತಕ ಗ್ರಹಣವೊಂದನ್ನು ಉಂಟುಮಾಡಿ, ಸುತ್ತಲಿನ ಪ್ರಭಾವಲಯದ ಚಿತ್ರಗಳನ್ನು ತೆಗೆಯುತ್ತದೆ. ಅದನ್ನು ರೂಪಿಸಿದ್ದು ಸೌರಜ್ವಾಲೆ, ಸೌರಮಾರುತಗಳ ಅಧ್ಯಯನಕ್ಕಾಗಿ, ಧೂಮಕೇತುಗಳಿಗಾಗಿ ಅಲ್ಲ. ಆದರೆ ಆ ಚಿತ್ರಗಳ ಅಂಚಿನಿಂದ ಚಿಕ್ಕ ಚುಕ್ಕೆಗಳು ನಡುವಣ ಕಪ್ಪು ತಟ್ಟೆಯತ್ತ ಜಾರುತ್ತ, ಬೆಳಗುತ್ತ, ಆಮೇಲೆ ಮಾಸಿ ಇಲ್ಲವಾಗುವುದು ಕಂಡುಬಂದಿತು. ಚಿತ್ರಗಳನ್ನು ಸರ್ವರಿಗೂ ತೆರೆದಿಟ್ಟಿದ್ದರಿಂದ ಆಸಕ್ತರು ತಮ್ಮ ಮನೆಗಳಲ್ಲಿ ಕುಳಿತೇ ಅವನ್ನು ಪರಿಶೀಲಿಸತೊಡಗಿದರು. ೨೦೨೪ರ ಮಾರ್ಚ್ ತಿಂಗಳಿಗೆ ಸೋಹೊ ಚಿತ್ರಗಳಲ್ಲಿ ದೊರೆತ ಧೂಮಕೇತುಗಳ ಸಂಖ್ಯೆ ೫೦೦೦ವನ್ನು ಮುಟ್ಟಿತು. ಇವುಗಳಲ್ಲಿ ಬಹುಪಾಲನ್ನು ಕಂಡವರು ವೇತನವಿಲ್ಲದೆ ದುಡಿದ ಹವ್ಯಾಸಿಗಳು.

ಈ ಚುಕ್ಕೆಗಳಲ್ಲಿ ಹೆಚ್ಚಿನವು ಒಂದೇ ವಂಶಕ್ಕೆ ಸೇರಿದವು. ೧೮೪೩, ೧೮೮೦ ಮತ್ತು ೧೮೮೨ರಲ್ಲಿ ಕಂಡ ಧೂಮಕೇತುಗಳು ಬಹುತೇಕ ಒಂದೇ ಹಾದಿಯಲ್ಲಿ ಬಂದುದನ್ನು ಜರ್ಮನಿಯ ಹೈನ್‌ರಿಖ್ ಕ್ರೊಯಿಟ್ಸ್ ಎಂಬ ವಿದ್ವಾಂಸ ೧೮೮೮ರಿಂದ ಮುಂದಿನ ವರ್ಷಗಳಲ್ಲಿ ದೀರ್ಘ ಗಣಿತದಿಂದ ತೋರಿಸಿದ. ಎಂದೋ ಒಂದು ದೊಡ್ಡ ಧೂಮಕೇತು ಸೂರ್ಯನ ಬಳಿ ಸಾರಿ ಒಡೆಯಿತು. ಅದರ ಚೂರುಗಳು ಶತಮಾನಗಳ ಬಳಿಕ ಮರಳಿ ಬಂದು ಮತ್ತೆ ಒಡೆದವು. ಆ ಚೂರುಗಳ ಚೂರುಗಳೇ ಇಂದು ಬಂದು ಬೀಳುತ್ತಿವೆ. ೧೮೮೨ರ ಮಹಾಧೂಮಕೇತು ಸೂರ್ಯನನ್ನು ದಾಟಿದ ಮೇಲೆ ಅದರ ನಡುಗಟ್ಟಿ ಹಲವು ಹೋಳುಗಳಾದುದನ್ನು ಅಂದಿನ ವೀಕ್ಷಕರು ಕಣ್ಣಾರೆ ಕಂಡಿದ್ದರು. ಸೋಹೊ ಚಿತ್ರಗಳಲ್ಲಿ ಕಾಣುವವು ಹೆಚ್ಚೆಂದರೆ ಕೆಲವು ಹತ್ತು ಮೀಟರುಗಳ ಮಂಜು-ಧೂಳಿನ ಮುದ್ದೆಗಳು. ಅವು ಹಿಂದಿರುಗುವುದಿಲ್ಲ. ಸೂರ್ಯನ ಮೇಲ್ಮೈಯನ್ನು ತಲುಪುವ ಮೊದಲೇ ಆವಿಯಾಗಿ ಚದುರಿಹೋಗುತ್ತವೆ.

ಇನ್ನು ಕಾಣುವವರ ಮಾತು. ಖಗೋಳಶಾಸ್ತ್ರದಲ್ಲಿ ಧೂಮಕೇತುವಿಗೆ ಅದನ್ನು ಮೊದಲು ಕಂಡವನ ಹೆಸರಿಡುವುದು ಬಹುಕಾಲದ ಸಂಪ್ರದಾಯ. ೧೯೬೫ರ ಸೆಪ್ಟೆಂಬರಿನಲ್ಲಿ ಜಪಾನಿನ ಕವೊರು ಇಕೆಯಾ ಮತ್ತು ತ್ಸುತೊಮು ಸೆಕಿ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆ, ಕೆಲವೇ ನಿಮಿಷಗಳ ಅಂತರದಲ್ಲಿ ಒಂದೇ ಧೂಮಕೇತುವನ್ನು ಕಂಡರು. ಇಕೆಯಾ ಪಿಯಾನೊ ಕಾರ್ಖಾನೆಯೊಂದರ ಕಾರ್ಮಿಕ. ದೂರದರ್ಶಕದ ಕನ್ನಡಿಯನ್ನು ತನ್ನ ಕೈಯಿಂದಲೇ ಉಜ್ಜಿ ಸಿದ್ಧಪಡಿಸಿಕೊಂಡ ತರುಣ. ಸೆಕಿ ಗಿಟಾರ್ ಕಲಿಸುವ ಮೇಷ್ಟರು. ಅವರ ಧೂಮಕೇತು ಅಕ್ಟೋಬರ್ ೨೧ರಂದು ಸೂರ್ಯನ ಮೇಲ್ಮೈಗೆ ಐದು ಲಕ್ಷ ಕಿಲೋಮೀಟರಿಗಿಂತ ಹತ್ತಿರ ಹಾದು, ಹಗಲಿನಲ್ಲಿಯೇ ಸೂರ್ಯನ ಪಕ್ಕದಲ್ಲಿ ಕಾಣುವಷ್ಟು ಪ್ರಜ್ವಲಿಸಿತು. ಇಬ್ಬರ ಹೆಸರೂ ಅದಕ್ಕೆ ಶಾಶ್ವತವಾಗಿ ಅಂಟಿಕೊಂಡಿದೆ. ಬೆಳಗಿನ ಜಾವದ ಚಳಿಯಲ್ಲಿ ಕಾದ ಶ್ರಮಕ್ಕೆ ಅದು ನ್ಯಾಯವಾದ ಪ್ರತಿಫಲವೆಂದು ಯಾರೂ ಒಪ್ಪಿಯಾರು.

ಸೋಹೊ ಧೂಮಕೇತುಗಳ ರೀತಿ ಬೇರೆ. ಅವಕ್ಕೆ ಕಂಡವನ ಹೆಸರಿಲ್ಲ. ನೌಕೆಯ ಹೆಸರು, ಒಂದು ಸಂಖ್ಯೆ, ಅಷ್ಟೇ. ಕಂಡವನು ಯಾರೆಂಬುದು ಪಟ್ಟಿಯಲ್ಲಿ ದಾಖಲಾಗುತ್ತದೆ, ನಿಜ. ಆದರೆ ಆಕಾಶದಲ್ಲಿ ಅವನ ಗುರುತು ಉಳಿಯುವುದಿಲ್ಲ. ಗುರುತು ಉಳಿಯಬೇಕಾದ ವಸ್ತುವೇ ಅಲ್ಲಿಲ್ಲ. ಹೀಗಿದ್ದೂ ನೂರಾರು ಜನ ವರ್ಷಗಟ್ಟಲೆ ಈ ಕಾರ್ಯದಲ್ಲಿ ತೊಡಗಿರುವುದು ಏತಕ್ಕೆ? ‘ಮಮಕಾರವಿಲ್ಲದ ಜ್ಞಾನದಾಹ’ ಎಂದು ಕೂಡಲೇ ಹೊಗಳಿಬಿಡುವುದು ಸುಲಭ. ಆದರೆ ಆ ಹೊಗಳಿಕೆ ಪೂರ್ತಿ ಸತ್ಯವಲ್ಲ. ಒಡೆತನವನ್ನು ಕಿತ್ತುಕೊಂಡರೆ ಮಮಕಾರ ಸಾಯುವುದಿಲ್ಲ. ಅದು ಎಣಿಕೆಯಲ್ಲಿ ಬಂದು ಕೂರುತ್ತದೆ. ಯಾರು ಎಷ್ಟು ಕಂಡರು, ಯಾರು ಮೊದಲು ಬರೆದು ತಿಳಿಸಿದರು, ಐದುಸಾವಿರದ ಅಂಕಿ ಯಾರ ಪಾಲಿಗೆ ಬಂದಿತು ಎಂಬ ಪೈಪೋಟಿ ಅವರಲ್ಲಿಯೂ ಉಂಟು. ಹೊಸ ಚಿತ್ರ ಬಂದ ಕೂಡಲೇ ಹಲವು ದೇಶಗಳಲ್ಲಿ ಹಲವು ಕಣ್ಣುಗಳು ಅದರ ಮೇಲೆ ಬೀಳುತ್ತವೆ. ಕೆಲವು ನಿಮಿಷ ತಡವಾದವನ ಪಾಲಿಗೆ ಏನೂ ಇಲ್ಲ.

ಇಲ್ಲಿಯೇ ನೀತಿಯ ಪ್ರಶ್ನೆ ಮೊನಚಾಗುತ್ತದೆ. ವಿಶ್ವಕಿರಣದ ಕಣವೊಂದು ಉಪಕರಣಕ್ಕೆ ಬಡಿದರೆ ಚಿತ್ರದಲ್ಲಿ ಬಿಳಿಯ ಚುಕ್ಕೆ ಮೂಡುತ್ತದೆ. ಒಂದು ಚಿತ್ರದಲ್ಲಿ ಇಂಥವು ಎಷ್ಟೋ. ಧೂಮಕೇತು ಚಿತ್ರದಿಂದ ಚಿತ್ರಕ್ಕೆ ಕ್ರಮವಾಗಿ ಸರಿಯುತ್ತದೆ. ಕಣದ ಗುರುತು ಹಾಗೆ ಸರಿಯುವುದಿಲ್ಲ. ಎರಡನ್ನೂ ಬೇರ್ಪಡಿಸಬೇಕಾದರೆ ಅನೇಕ ಚಿತ್ರಗಳಿಗಾಗಿ ಕಾಯಬೇಕು, ಪ್ರತಿಯೊಂದರಲ್ಲಿಯೂ ಚುಕ್ಕೆಯ ಸ್ಥಾನವನ್ನು ಅಳೆಯಬೇಕು, ಅದರ ಚಲನೆ ತಿಳಿದ ಹಾದಿಗಳೊಡನೆ ಹೊಂದುತ್ತದೆಯೇ ಎಂದು ನೋಡಬೇಕು. ಕಾದರೆ ಮತ್ತೊಬ್ಬನು ಮೊದಲಿಗನಾಗುತ್ತಾನೆ. ಕಾಯದಿದ್ದರೆ ಇಲ್ಲದ್ದನ್ನು ಇದೆಯೆಂದು ಹೇಳಿದಂತಾಗುತ್ತದೆ. ಎರಡು ಚುಕ್ಕೆಗಳನ್ನು ಕಂಡು ಮೂರನೆಯದನ್ನು ಊಹಿಸಿ ಬರೆಯುವವನು ಪೂರ್ತಿ ಸುಳ್ಳುಗಾರನಲ್ಲ. ಅವನ ಊಹೆ ಅನೇಕ ವೇಳೆ ನಿಜವೇ ಆಗಬಹುದು. ಆದರೂ ಕಾಣದ್ದನ್ನು ಕಂಡೆನೆಂದು ಹೇಳಿದ ದೋಷ ಅವನನ್ನು ಬಿಡದು. ಮಾತು ನಿಜವಾದ ಮಾತ್ರಕ್ಕೆ ಸಾಕ್ಷಿ ನಿಜವಾಗುವುದಿಲ್ಲ ಎಂಬ ಸೂಕ್ಷ್ಮವನ್ನು ನ್ಯಾಯಾಲಯದಲ್ಲಿ ವಕೀಲರೂ ಎಷ್ಟೋ ಸಲ ಮರೆಯುತ್ತಾರೆ.

ಸಾಮಾನ್ಯ ಶೋಧಗಳಲ್ಲಿ ಅವಸರದ ತಪ್ಪನ್ನು ವಸ್ತುವೇ ತಿದ್ದುತ್ತದೆ. ದ್ವೀಪ ಕಂಡೆನೆಂದವನ ಮಾತನ್ನು ಮತ್ತೊಂದು ಹಡಗು ಹೋಗಿ ಪರೀಕ್ಷಿಸಬಹುದು. ಲಯವಾದ ಧೂಮಕೇತುವಿನ ಬಳಿಗೆ ಯಾರೂ ಹೋಗಲಾರರು. ಉಳಿಯುವುದು ಕೆಲವು ಚಿತ್ರಗಳು ಮತ್ತು ಅವುಗಳ ಮೇಲೆ ಒಬ್ಬನು ಅಳೆದು ಬರೆದಿಟ್ಟ ಅಂಕಿಗಳು. ಆದುದರಿಂದ ಇಲ್ಲಿ ಕಂಡವನ ‘ಹಕ್ಕು’ ಎಂಬುದು ತಿರುವುಮುರುವಾಗಿ ನಿಲ್ಲುತ್ತದೆ. ಧೂಮಕೇತು ಅವನಿಗೆ ಸಲ್ಲಬೇಕಾದುದು ಏನೂ ಇಲ್ಲ. ಅವನಿಂದ ಧೂಮಕೇತುವಿಗೆ ಸಲ್ಲಬೇಕಾದುದು ಒಂದಿದೆ. ಇಂಥ ಗಳಿಗೆಯಲ್ಲಿ ಇಂಥ ಸ್ಥಾನದಲ್ಲಿ ಅದು ಇತ್ತು ಎಂಬ ಯಥಾರ್ಥವಾದ ಮಾತೇ ಅದು.

ಈ ಋಣವನ್ನು ತೀರಿಸಿದವರಲ್ಲಿ ಬ್ರಯನ್ ಮಾರ್ಸ್‌ಡೆನ್ ಅವರನ್ನು ವಿಶೇಷವಾಗಿ ಸ್ಮರಿಸಬೇಕು. ಅವರು ಹವ್ಯಾಸಿಯಲ್ಲ, ಅಮೆರಿಕದ ಕೇಂಬ್ರಿಜ್‌ನಲ್ಲಿದ್ದು ಕ್ಷುದ್ರಗ್ರಹ, ಧೂಮಕೇತುಗಳ ಕಕ್ಷೆಗಳನ್ನು ಗಣಿಸುವುದರಲ್ಲಿ ಜೀವಮಾನ ಕಳೆದ ವಿದ್ವಾಂಸರು. ಹವ್ಯಾಸಿಗಳು ಕಳುಹಿಸಿದ ಚುಕ್ಕೆಗಳ ಅಳತೆಗಳಿಂದ ಒಂದೊಂದಕ್ಕೂ ಕಕ್ಷೆ ಕಟ್ಟುವ ಕೆಲಸವನ್ನು ಅವರು ೨೦೧೦ರಲ್ಲಿ ತೀರಿಕೊಳ್ಳುವವರೆಗೂ ಮಾಡಿದರು. ಹಾಗೆ ಗಣಿಸಿದವು ಸಾವಿರಕ್ಕೂ ಮಿಕ್ಕು. ಕಕ್ಷೆಯನ್ನು ಗಣಿಸುವುದು ಸಾಮಾನ್ಯವಾಗಿ ವಸ್ತು ಮುಂದೆ ಎಲ್ಲಿ ಬರುವುದೆಂದು ತಿಳಿಯಲು. ಈ ಸಾವಿರ ಕಕ್ಷೆಗಳಲ್ಲಿ ಮುಂದೆ ಬರುವಂಥವು ಬೆರಳೆಣಿಕೆಯಷ್ಟು ಮಾತ್ರ. ಇಲ್ಲದ ವಸ್ತುವಿನ ಹಾದಿಯನ್ನು ಇರುವ ವಸ್ತುವಿನ ಹಾದಿಯಷ್ಟೇ ಜಾಗರೂಕತೆಯಿಂದ ಬರೆದಿಡುವುದು ವ್ಯರ್ಥವೆಂದು ಲೌಕಿಕರಿಗೆ ತೋರಬಹುದು. ಆದರೆ ಆ ಲೆಕ್ಕಗಳಿಂದಲೇ ಕ್ರೊಯಿಟ್ಸ್ ವಂಶಕ್ಕೆ ಸೇರದ ಬೇರೆ ಗುಂಪುಗಳೂ ಉಂಟೆಂದು ಗೊತ್ತಾಯಿತು. ಅವುಗಳಲ್ಲೊಂದಕ್ಕೆ ಮಾರ್ಸ್‌ಡೆನ್ನರ ಹೆಸರೇ ನಿಂತಿದೆ. ೨೦೨೪ರಲ್ಲಿ ಲೆಕ್ಕಕ್ಕೆ ಬಂದ ಐದುಸಾವಿರದ ಧೂಮಕೇತು ಆ ಗುಂಪಿನದೇ.

ಮತ್ತೊಂದು ಆಕ್ಷೇಪವುಂಟು. ನಾಶವನ್ನು ಕಾದು ಕುಳಿತು ನೋಡುವುದರಲ್ಲಿ ಒಂದು ಬಗೆಯ ಕ್ರೌರ್ಯವಿಲ್ಲವೇ? ಧೂಮಕೇತು ಜಡವಸ್ತು, ಅದಕ್ಕೆ ನೋವಿಲ್ಲ ಎಂದು ಉತ್ತರಿಸಿದರೆ ಆಕ್ಷೇಪದ ಅರ್ಧಕ್ಕೆ ಮಾತ್ರ ಉತ್ತರವಾಯಿತು. ನೋಡುವವನ ಮನಸ್ಸು ಜಡವಲ್ಲವಷ್ಟೆ. ೨೦೧೨ರ ಸೆಪ್ಟೆಂಬರಿನಲ್ಲಿ ಇಬ್ಬರು ವೀಕ್ಷಕರು ಕಂಡ ‘ಐಸಾನ್’ ಧೂಮಕೇತು ಈ ಮನಸ್ಸನ್ನು ಪರೀಕ್ಷೆಗೆ ಒಡ್ಡಿತು. ಅದು ಸೂರ್ಯನನ್ನು ಬಳಸಿ ಬಂದ ಮೇಲೆ ಶತಮಾನದ ಧೂಮಕೇತುವಾಗುವುದೆಂದು ಪತ್ರಿಕೆಗಳು ಒಂದು ವರ್ಷ ಮುಂಚಿನಿಂದಲೇ ಸಾರಿದವು. ೨೦೧೩ರ ನವೆಂಬರ್ ೨೮ರಂದು ಅದು ಸೂರ್ಯನ ಹಿಂದೆ ಸರಿಯಿತು. ಆಚೆಯಿಂದ ಹೊರಬಂದುದು ಮಬ್ಬು ಧೂಳಿನ ಬೀಸಣಿಗೆ ಮಾತ್ರ. ಜನ ಆಶಾಭಂಗಗೊಂಡರು, ಮೋಸಹೋದವರಂತೆ ಮಾತಾಡಿದರು. ಸೋಹೊ ಧೂಮಕೇತುಗಳ ಕಾರ್ಯವನ್ನು ನಡೆಸುವ ಕಾರ್ಲ್ ಬ್ಯಾಟಮ್ಸ್ ಅದಕ್ಕೊಂದು ಮರಣವಾರ್ತೆಯನ್ನೇ ಬರೆದರು. ವಿನೋದ ಬೆರೆತಿದ್ದರೂ ಅದರಲ್ಲಿ ತಿಂಗಳುಗಟ್ಟಲೆ ಒಂದನ್ನು ಹಿಂಬಾಲಿಸಿದವನ ಗೌರವ ಕಾಣುತ್ತದೆ. ನಿರಾಶರಾದವರಿಗೆ ಬೇಕಾಗಿದ್ದುದು ಧೂಮಕೇತುವಲ್ಲ, ನೋಟದ ಔತಣ. ಔತಣ ಕೆಟ್ಟಿತೆಂದು ಅತಿಥಿಗಳು ಮುನಿದರು.

ಇದಕ್ಕೆ ಎರಡು ವರ್ಷ ಮೊದಲು ಆಸ್ಟ್ರೇಲಿಯದ ಹವ್ಯಾಸಿ ಟೆರಿ ಲವ್‌ಜಾಯ್ ಕ್ರೊಯಿಟ್ಸ್ ವಂಶದ ಧೂಮಕೇತುವೊಂದನ್ನು ನೆಲದ ಮೇಲಿನ ದೂರದರ್ಶಕದಿಂದಲೇ ಕಂಡಿದ್ದರು. ೨೦೧೧ರ ಡಿಸೆಂಬರ್ ೧೬ರಂದು ಅದು ಸೂರ್ಯನ ಮೇಲ್ಮೈಗೆ ಸುಮಾರು ೧ ಲಕ್ಷ ೪೦ ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿತ್ತು. ಉಳಿಯಲಾರದೆಂಬುದು ಬಲ್ಲವರ ಸಾಮಾನ್ಯ ಮತವಾಗಿತ್ತು. ಅದು ಉಳಿಯಿತು. ಪ್ರಭಾವಲಯದಲ್ಲಿ ಹಾದಾಗ ಅದರ ಬಾಲ ಅತ್ತಿತ್ತ ತೊನೆದುದನ್ನು ಅಭ್ಯಸಿಸಿ, ಯಾವ ನೌಕೆಯೂ ಆಗ ಹೋಗಿರದ ಎಡೆಯಲ್ಲಿನ ಸೂರ್ಯನ ಕಾಂತಕ್ಷೇತ್ರದ ಸ್ವರೂಪವನ್ನು ವಿಜ್ಞಾನಿಗಳು ತಿಳಿದುಕೊಂಡರು. ಕೆಲವೇ ದಿನಗಳಲ್ಲಿ ಅದರ ನಡುಗಟ್ಟಿ ಚೂರಾಯಿತು. ಬಾಲ ಮಾತ್ರ ದಕ್ಷಿಣಗೋಳದ ಮುಂಜಾನೆಗಳಲ್ಲಿ ನೀಳವಾಗಿ ತೋರಿತು. ಅಂತ್ಯವನ್ನು ನಿಶ್ಚಯಿಸಿಕೊಂಡು ನೋಡಲು ಕುಳಿತವರು ನಿಶ್ಚಯವನ್ನು ಬಿಟ್ಟು ನೋಡಬೇಕಾಗಿ ಬಂದಿತು. ಹಾಗೆ ಬಿಡಲು ಸಿದ್ಧನಾದವನ ನೋಟದಲ್ಲಿ ಕ್ರೌರ್ಯವನ್ನು ಆರೋಪಿಸುವುದು ಕಷ್ಟ.

ನಾಶವನ್ನು ನೋಡುವುದಕ್ಕೂ ನಾಶಮಾಡುವುದಕ್ಕೂ ಇರುವ ಅಂತರವನ್ನು ಈ ಇತಿಹಾಸವೇ ಒಂದೆಡೆ ಕಠೋರವಾಗಿ ತೋರಿಸುತ್ತದೆ. ಧೂಮಕೇತುವೊಂದು ಸೂರ್ಯನಲ್ಲಿ ಲಯವಾದುದು ಚಿತ್ರದಲ್ಲಿ ಮೊದಲು ಸಿಕ್ಕಿದ್ದು ಸೋಹೊಗಿಂತ ಬಹು ಹಿಂದೆ, ಅಮೆರಿಕದ ‘ಪಿ೭೮-೧’ ಎಂಬ ಉಪಗ್ರಹದ ಸೋಲ್‌ವಿಂಡ್ ಉಪಕರಣದಲ್ಲಿ. ಧೂಮಕೇತು ಬಿದ್ದುದು ೧೯೭೯ರ ಆಗಸ್ಟಿನಲ್ಲಿ. ಸಂಗ್ರಹವಾಗಿದ್ದ ಚಿತ್ರಗಳನ್ನು ಪರಿಶೀಲಿಸುವಾಗ ಅದು ಗೋಚರವಾದುದು ೧೯೮೧ರಲ್ಲಿ. ಹವರ್ಡ್, ಕೂಮೆನ್, ಮೈಕೆಲ್ಸ್ ಎಂಬ ಮೂವರ ಹೆಸರನ್ನು ಅದಕ್ಕಿಟ್ಟರು. ಆ ಉಪಗ್ರಹ ಮತ್ತೂ ಕೆಲವು ಇಂತಹ ಧೂಮಕೇತುಗಳನ್ನು ಕಂಡಿತು. ೧೯೮೫ರ ಸೆಪ್ಟೆಂಬರ್ ೧೩ರಂದು, ಅದರ ಕೆಲವು ಉಪಕರಣಗಳು ಇನ್ನೂ ಕೆಲಸಮಾಡುತ್ತಿರುವಾಗಲೇ, ಯುದ್ಧವಿಮಾನದಿಂದ ಹಾರಿಸಿದ ಕ್ಷಿಪಣಿಯೊಂದರ ಪರೀಕ್ಷೆಗೆ ಅದನ್ನು ಗುರಿಯಾಗಿ ಬಳಸಿ ಪುಡಿಮಾಡಲಾಯಿತು. ಗುರಿ ಸರಿಯಾಗಿ ತಗುಲಿತೆಂದು ಪರೀಕ್ಷೆ ನಡೆಸಿದವರು ಸಂತೋಷಪಟ್ಟಿರಬಹುದು. ಚೂರುಗಳು ವರ್ಷಾನುಗಟ್ಟಲೆ ಭೂಮಿಯನ್ನು ಸುತ್ತಿದವು.

ಉಪಗ್ರಹ ಹೋದರೂ ಅದು ಕಳುಹಿಸಿದ ಚಿತ್ರಗಳು ಭೂಮಿಯ ಮೇಲೆ ಉಳಿದಿದ್ದವು. ಸೋಹೊ ನೌಕೆಯ ಮೊದಲ ವರ್ಷಗಳ ಚಿತ್ರಗಳ ಗತಿಯೂ ಅಂಥದೇ. ತೆಗೆದಾಗ ಯಾರೂ ಧೂಮಕೇತುಗಳಿಗಾಗಿ ಅವನ್ನು ಪೂರ್ತಿಯಾಗಿ ಶೋಧಿಸಿರಲಿಲ್ಲ. ೨೦೦೦ದಿಂದೀಚೆಗೆ ಹವ್ಯಾಸಿಗಳು ಆ ಹಳೆಯ ಸಂಗ್ರಹಕ್ಕೆ ಕೈಹಚ್ಚಿದರು. ಅಲ್ಲಿ ಪೈಪೋಟಿಯ ಅವಸರ ಕಡಿಮೆ, ಹೊಸ ಚಿತ್ರಕ್ಕಾಗಿ ಕಾಯಬೇಕಾಗಿಲ್ಲ. ಒಂದರ ಹಿಂದೊಂದು ಚಿತ್ರವನ್ನು ತಿರುವಿ, ಸರಿಯುವ ಚುಕ್ಕೆಯನ್ನು ಗುರುತಿಸಿ, ಸ್ಥಾನವನ್ನು ಅಳೆದು ಬರೆಯಬೇಕು. ಹೀಗೆ ೧೯೯೬, ೧೯೯೭ರಲ್ಲಿ ಯಾರ ಕಣ್ಣಿಗೂ ಬೀಳದೆ ಉರಿದುಹೋಗಿದ್ದ ಅನೇಕ ಧೂಮಕೇತುಗಳಿಗೆ ವರ್ಷಗಳ ತರುವಾಯ ಒಂದೊಂದು ಸಂಖ್ಯೆ, ಒಂದೊಂದು ಕಕ್ಷೆ ದೊರಕಿತು.