ಎಡಕ್ಕೆ ಒಂದು ಸ್ಥಾನ

ಹತ್ತರಿಂದ ಗುಣಿಸುವುದನ್ನು ಯಾರೂ ಲೆಕ್ಕವೆಂದೇ ಎಣಿಸುವುದಿಲ್ಲ. ಏಳು, ಎಂಟು, ಒಂಬತ್ತರ ಮಗ್ಗಿಯನ್ನು ತಡವರಿಸುತ್ತ ದಾಟಿ ಬಂದ ಮಗುವಿಗೆ ಹತ್ತರ ಮಗ್ಗಿ ಎಂದರೆ ಆಟದ ಪೀರಿಯಡ್ಡು. ‘ಮುಂದೆ ಒಂದು ಸೊನ್ನೆ ಹಾಕು, ಆಯ್ತು’ ಎಂದು ಮೇಷ್ಟರೂ ಹೇಳಿಬಿಡುತ್ತಾರೆ. ಆಗುತ್ತದೆ ಕೂಡ: 27ರ ಮುಂದೆ ಸೊನ್ನೆ ಹಾಕಿದರೆ 270. ಮುಂದಿನ ತರಗತಿಗಳಲ್ಲಿ ದಶಮಾಂಶ ಬಂದಾಗ ಅದೇ ಮಗು 2.5ರ ಮುಂದೆಯೂ ಸೊನ್ನೆ ಹಾಕಿ 2.50 ಎಂದು ಬರೆಯುತ್ತದೆ. ಸೊನ್ನೆಯೇನೋ ಬಂತು, ಬೆಲೆ ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ತಪ್ಪು ಮಗುವಿನದಲ್ಲ. ಸೊನ್ನೆ ಯಾವುದನ್ನೂ ಹತ್ತುಪಟ್ಟು ಮಾಡುವುದಿಲ್ಲ ಎಂಬುದನ್ನು ದೊಡ್ಡವರೇ ಹೇಳದೆ ಉಳಿಸಿಕೊಂಡಿದ್ದರು. 27ನ್ನು ಹತ್ತರಿಂದ ಗುಣಿಸಿದಾಗ ಬಿಡಿ ಸ್ಥಾನದ 7 ಹತ್ತರ ಸ್ಥಾನಕ್ಕೆ ಹೋಗುತ್ತದೆ, ಹತ್ತರ ಸ್ಥಾನದ 2 ನೂರರ ಸ್ಥಾನಕ್ಕೆ. ಊಟದ ಪಂಕ್ತಿಯಲ್ಲಿ ಎಲ್ಲರೂ ಒಂದೊಂದು ಎಲೆ ಎಡಕ್ಕೆ ಸರಿದು ಕೂತರೆ ಬಲಗಡೆಯ ಕೊನೆಯ ಎಲೆ ಖಾಲಿಯಾಗುತ್ತದಲ್ಲ, ಆ ಖಾಲಿಯೇ ಸೊನ್ನೆ. ಅದನ್ನು ಬರೆಯದಿದ್ದರೆ ಸರಿದದ್ದು ಯಾರಿಗೂ ಕಾಣದು. 2.5ರಲ್ಲಾದರೋ ಬಿಂದುವಿನ ಆಚೆಗಿದ್ದ 5 ಬಿಡಿ ಸ್ಥಾನಕ್ಕೆ ಬಂದು ತುಂಬಿಕೊಳ್ಳುವುದರಿಂದ ಸೊನ್ನೆಯ ಹಂಗೇ ಇಲ್ಲ, 25 ಆಯಿತು. (ಬಿಂದು ಬಲಕ್ಕೆ ಓಡುತ್ತದೆ ಎಂದೂ ಹೇಳಿಕೊಡುವುದುಂಟು. ಪಾಪ, ಅದು ಬಿಡಿ ಸ್ಥಾನದ ಪಕ್ಕ ನಿಂತಲ್ಲೇ ನಿಂತಿರುತ್ತದೆ, ಓಡುವವು ಅಂಕಿಗಳು.)

ನನಗೆ ಬೆರಗು ಹುಟ್ಟಿಸುವುದು ಇದೇ. ಗುಣಾಕಾರದಂಥ ದುಡಿಮೆ ಇಲ್ಲಿ ಬರೀ ಜಾಗ ಬದಲಾಯಿಸುವುದರಲ್ಲಿ ಮುಗಿದುಹೋಗುತ್ತದೆ. 7 ಹೋದಲ್ಲೆಲ್ಲ 7 ಆಗಿಯೇ ಇರುತ್ತದೆ. ರೋಮನ್ನರಿಗೆ ಈ ಸುಖವಿರಲಿಲ್ಲ. ಅವರ ಇಪ್ಪತ್ತೇಳು ಎಂದರೆ ಎರಡು ಎಕ್ಸ್, ಒಂದು ವಿ, ಎರಡು ಐ. ಹತ್ತುಪಟ್ಟು ಮಾಡಿ: ಎಕ್ಸ್ ಇದ್ದಲ್ಲಿ ಸಿ, ವಿ ಇದ್ದಲ್ಲಿ ಎಲ್, ಐ ಇದ್ದಲ್ಲಿ ಎಕ್ಸ್. ಅಕ್ಷರಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯಬೇಕು.

ಅಷ್ಟು ದೂರ ಯಾಕೆ, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವವರೆಗೆ ನಮ್ಮ ಅಂಗಡಿಗಳಲ್ಲೂ ಇದೇ ಪಾಡು. ಗಜಕ್ಕೆ 2 ರೂಪಾಯಿ 7 ಆಣೆ 9 ಪೈ ಇರುವ ಬಟ್ಟೆ ಹತ್ತು ಗಜಕ್ಕೆಷ್ಟು? ಪೈ 90 ಆಯಿತು. ಆಣೆಗೆ ಹನ್ನೆರಡರಂತೆ 7 ಆಣೆ, ಉಳಿದದ್ದು 6 ಪೈ. ಆಣೆ 70, ಅದಕ್ಕೆ ಈ 7 ಸೇರಿ 77; ರೂಪಾಯಿಗೆ ಹದಿನಾರರಂತೆ 4 ರೂಪಾಯಿ, ಉಳಿದದ್ದು 13 ಆಣೆ. ಕೊನೆಗೆ 24 ರೂಪಾಯಿ 13 ಆಣೆ 6 ಪೈ. ಹಳೆಯ 2, 7, 9ರ ಗುರುತೇ ಸಿಗದು. ಆ ಕಾಲದ ಶೆಟ್ಟರು ಇದನ್ನು ಬಾಯಲ್ಲೇ ಹೇಳುತ್ತಿದ್ದರೆಂದರೆ ಅವರಿಗೊಂದು ನಮಸ್ಕಾರ.

ಸ್ಥಾನದಿಂದ ಸ್ಥಾನಕ್ಕೆ ಹತ್ತುಪಟ್ಟು ಎಂಬುದನ್ನು ಆರ್ಯಭಟ 499ರಲ್ಲೇ ಹೇಳಿದ್ದಾನೆ. ಗ್ವಾಲಿಯರ್ ಕೋಟೆಯ ಚತುರ್ಭುಜ ದೇವಾಲಯದಲ್ಲಿ 876ರ ಶಾಸನವೊಂದಿದೆ. ಸೊನ್ನೆಯನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಸೊನ್ನೆಯೇನೂ ಮೆರೆಯುತ್ತಿಲ್ಲ: ದೇವರ ಹೂದೋಟದ ಒಂದು ಅಳತೆ 270 ಹಸ್ತ, ದಿನಕ್ಕೆ ಸಲ್ಲಬೇಕಾದ ಹೂಮಾಲೆ 50, ಎರಡರ ಬಲತುದಿಯಲ್ಲೂ ಒಂದೊಂದು ಚಿಕ್ಕ ವೃತ್ತ. ಅದೇ ಶತಮಾನದಲ್ಲಿ ನೃಪತುಂಗನ ಆಶ್ರಯದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎನ್ನುತ್ತ 24 ಸ್ಥಾನಗಳಿಗೆ ಹೆಸರಿಟ್ಟ, ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ. ಯಾವ ವ್ಯಾಪಾರಕ್ಕೂ ಬೇಡದ ಸಂಖ್ಯೆ ಅದು. ಎಡಕ್ಕೆ ಸರಿಯಲು ಜಾಗವಿದೆ ಎಂದ ಮೇಲೆ ಎಲ್ಲಿ ನಿಲ್ಲುವುದು ಎಂಬ ಖುಷಿಯೇ ಅವನನ್ನು ಅಲ್ಲಿಯವರೆಗೆ ಕರೆದೊಯ್ದಿರಬೇಕು.

ಬಲಗಡೆಗೂ ಕೊನೆಯಿಲ್ಲ. ಒಂದನ್ನು ಏಳರಿಂದ ಭಾಗಿಸಿದರೆ 0.142857142857… ಹೀಗೇ ಸಾಗುತ್ತದೆ. ಇದನ್ನು ಹತ್ತರಿಂದ ಗುಣಿಸಿ, ಅಂದರೆ ಸಾಲನ್ನೆಲ್ಲ ಒಂದು ಸ್ಥಾನ ಎಡಕ್ಕೆ ಎಳೆಯಿರಿ: 1.428571… ಬಿಂದು ದಾಟಿ ಬಂದ 1ನ್ನು ತೆಗೆದಿಟ್ಟರೆ ಉಳಿಯುವುದು ಏಳರಲ್ಲಿ ಮೂರು ಪಾಲು, ಏಕೆಂದರೆ ಹತ್ತನ್ನು ಏಳರಿಂದ ಭಾಗಿಸಿದರೆ ಶೇಷ 3. ಮತ್ತೆ ಎಳೆದರೆ 4 ಈಚೆ ಬಂದು ಏಳರಲ್ಲಿ ಎರಡು ಪಾಲು ಉಳಿಯುತ್ತದೆ. ಆಮೇಲೆ ಆರು, ನಾಲ್ಕು, ಐದು. ಆರನೆಯ ಎಳೆತಕ್ಕೆ ಮತ್ತೆ ಒಂದು ಪಾಲು, ಮತ್ತೆ 0.142857… ಆರು ಅಂಕಿಗಳು ಬಿಂದು ದಾಟಿ ಬಂದಿವೆ, ಆಚೆಯ ಸಾಲು ಒಂದಂಕಿಯಷ್ಟೂ ಕುಗ್ಗಿಲ್ಲ. ಏಳರಿಂದಾಗುವ ಈ ಆರೂ ಭಿನ್ನರಾಶಿಗಳು ಒಂದೇ ಸುತ್ತಿನಲ್ಲಿ ಬೇರೆ ಬೇರೆ ಕಡೆಯಿಂದ ಹೊರಟವು. ಹದಿಮೂರಕ್ಕೆ ಹಾಗಲ್ಲ. ಅಲ್ಲಿ ಸುತ್ತುಗಳು ಎರಡು, 076923 ಮತ್ತು 153846. ಒಂದರಲ್ಲಿ ಹೊರಟ ಭಿನ್ನರಾಶಿ ಎಷ್ಟು ಸಲ ಹತ್ತರಿಂದ ಗುಣಿಸಿದರೂ ಇನ್ನೊಂದಕ್ಕೆ ಹೋಗಿ ಸೇರುವುದಿಲ್ಲ.